ಅಡಿಗೆಮನೆ ಇಲ್ಲದ ಕೋಣೆ

ಮಗ ಟೋಕಿಯೋದಲ್ಲಿ ಮನೆ ಮಾಡಿಕೊಂಡಿರುವಾಗ ತಾಯಿಯಾದವಳು ಅದೇ ಊರಿನ ಹೋಟೆಲಿನಲ್ಲಿ ದುಡ್ಡು ಕೊಟ್ಟು ಇಳಿದುಕೊಳ್ಳುವುದು ಮರ್ಯಾದೆಯೇ ಎಂಬ ಪ್ರಶ್ನೆ ನಮ್ಮ ಬಂಧುಬಳಗದಲ್ಲಿ ಎದ್ದು ಒಂದು ವರ್ಷವಾಗುತ್ತ ಬಂತು. ಮದುವೆಮನೆಗಳಲ್ಲಿ, ತಿಥಿಯೂಟದ ಪಂಕ್ತಿಯಲ್ಲಿ, ಫೋನಿನಲ್ಲಿ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಆದ್ದರಿಂದ ಬರೆದೇ ಬಿಡುತ್ತೇನೆ. ಮರ್ಯಾದೆಯೇ. ಅಷ್ಟೇ ಅಲ್ಲ, ಐವತ್ತೈದು ದಾಟಿದ ನಮ್ಮ ಹೆಂಗಸರು ಪರದೇಶಕ್ಕೆ ಹೋಗುವುದಾದರೆ, ಅಲ್ಲಿ ಮಗನಿರಲಿ ಮಗಳಿರಲಿ, ಹೀಗೆಯೇ ಇಳಿದುಕೊಳ್ಳಬೇಕು ಎಂಬುದು ನನ್ನ ವಾದ.

ಈ ವಾದಕ್ಕೆ ಅರ್ಧ ತೊಡಕು ನಮ್ಮ ಭಾಷೆಯಲ್ಲೇ ಇದೆ. ನಮ್ಮಲ್ಲಿ ಹೋಟೆಲ್ ಎಂದರೆ ಇಡ್ಲಿ, ವಡೆ, ಕಾಫಿ. ಮಲಗುವ ಜಾಗಕ್ಕೆ ನಾವು ಲಾಡ್ಜು ಎನ್ನುತ್ತೇವೆ. ಲಾಡ್ಜು ಎಂದ ಕೂಡಲೇ ಮರ್ಯಾದಸ್ಥರು ಮೂಗು ಮುರಿಯುತ್ತಾರೆ. ಒಂಟಿ ಹೆಂಗಸು ನಮ್ಮ ಊರುಗಳಲ್ಲಿ ಲಾಡ್ಜಿನ ಕೌಂಟರಿನ ಮುಂದೆ ನಿಂತರೆ ಏನಾಗುತ್ತದೆಂದು ಪರೀಕ್ಷೆಗೋ, ಸಂದರ್ಶನಕ್ಕೋ, ಆಸ್ಪತ್ರೆಗೋ ಊರೂರು ಅಲೆದ ಹೆಣ್ಣುಮಕ್ಕಳನ್ನು ಕೇಳಿ. ‘ಜೊತೆಯಲ್ಲಿ ಯಾರಿದ್ದಾರೆ?’ ಎಂಬುದೇ ಮೊದಲ ಪ್ರಶ್ನೆ. ಯಾರೂ ಇಲ್ಲವೆಂದರೆ ಕೋಣೆಯೂ ಇಲ್ಲ. ಹೀಗಾಗಿ ನಮ್ಮ ತಲೆಮಾರಿನ ಹೆಂಗಸರು ಎಲ್ಲೇ ಹೋಗಲಿ, ಛತ್ರದಲ್ಲಿ ಇಲ್ಲವೇ ನೆಂಟರ ಮನೆಯಲ್ಲಿ ಇಳಿದವರು. ನೆಂಟರ ಮನೆಯಲ್ಲಿ ಇಳಿದ ಹೆಂಗಸು ಎರಡನೆಯ ದಿನ ಬೆಳಿಗ್ಗೆ ಎಲ್ಲಿರುತ್ತಾಳೆಂದು ನಾನು ಬೇರೆ ಹೇಳಬೇಕೇ? ಒಗ್ಗರಣೆ ಸೌಟು ಹಿಡಿದು ಒಲೆಯ ಮುಂದೆ ಇರುತ್ತಾಳೆ.

ನನ್ನ ಓರಗಿತ್ತಿ, ಅವರನ್ನು ನಾನು ಅಕ್ಕ ಎಂದೇ ಕರೆಯುವುದು, 2018ರಲ್ಲಿ ಮೊದಲ ಬಾರಿ ಟೋಕಿಯೋಕ್ಕೆ ಹೋದರು. ಸೊಸೆಯ ಬಾಣಂತನಕ್ಕೆ. ಮೊದಲ ಮೂರು ತಿಂಗಳು ಬೀಗಿತ್ತಿ, ಮುಂದಿನ ಮೂರು ತಿಂಗಳು ಅಕ್ಕ. ನೆಂಟರನ್ನು ನೋಡಲು ಕೊಡುವ ವೀಸಾದ ಗಡುವು ಹೆಚ್ಚೆಂದರೆ ತೊಂಬತ್ತು ದಿನ. ನಮ್ಮ ಹುಡುಗರು ಪರದೇಶದಲ್ಲಿ ಹೆತ್ತು ಹೊತ್ತು ಸಾಕುವ ಲೆಕ್ಕವೆಲ್ಲ ಈ ತೊಂಬತ್ತು ದಿನದ ಎರಡು ಅಜ್ಜಿಯರ ಮೇಲೆ ನಿಂತಿದೆ. ಮಗನ ಮನೆ ನಿಶಿಕಾಸಾಯ್‌ನಲ್ಲಿ. ಟೋಕಿಯೋದ ಪೂರ್ವಕ್ಕಿರುವ ಎದೊಗಾವಾ ವಾರ್ಡಿನ ಈ ಬಡಾವಣೆಯಲ್ಲಿ 2000ದ ಆಸುಪಾಸಿನಿಂದ ನಮ್ಮ ದೇಶದ ಕಂಪ್ಯೂಟರ್ ಎಂಜಿನಿಯರುಗಳು ನೆಲೆಸುತ್ತ ಬಂದಿದ್ದಾರೆ. ಬೇಳೆ, ಹುಣಿಸೆಹಣ್ಣು, ಸಾಸಿವೆ ಎಲ್ಲ ಸಿಗುವ ಜಾಗ. ತೊಂಬತ್ತು ದಿನದಲ್ಲಿ ಅಕ್ಕ ಊರು ನೋಡಲು ಹೊರಟದ್ದು ಮೂರು ಸಲ. ‘ಜಪಾನ್ ಹೇಗಿದೆ ಅಕ್ಕ?’ ಎಂದು ಕೇಳಿದ್ದಕ್ಕೆ, ‘ಚೆನ್ನಾಗಿದೆ ಕಣೇ, ಆದರೆ ಅಲ್ಲಿಯ ಗ್ಯಾಸಿನ ಒಲೆಗೆ ಎರಡೇ ಬರ್ನರ್’ ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಎರಡನೆಯ ಸಲ ಹೋಗುವ ಮಾತು ಬಂದಾಗ ಅಕ್ಕ, ನಾನು ಇಬ್ಬರೇ ಹೋಗುವುದೆಂದೂ, ಮಗನ ಮನೆಯಲ್ಲಿ ಇಳಿಯುವುದಿಲ್ಲವೆಂದೂ ಆಯಿತು. ನಿರ್ಧಾರ ಅಕ್ಕನದು. ನಾನು ಲೆಕ್ಕ ಹಾಕುವವಳು.

ಭಾವನವರು ಮೊದಲು ಕೇಳಿದ್ದು ಖರ್ಚು. ‘ಟೋಕಿಯೋದಲ್ಲಿ ಹೋಟೆಲ್ ಅಂದ್ರೆ ಹುಡುಗಾಟವೇನಮ್ಮ? ಮನೆ ಮಾರಬೇಕಾಗುತ್ತೆ.’ ಈ ಮಾತು ಹೇಳುವವರೆಲ್ಲ ಎಂದೋ ಕೇಳಿದ್ದನ್ನು ಇಂದಿಗೂ ಹೇಳುತ್ತಿದ್ದಾರೆ. 2024ರಲ್ಲಿ ಡಾಲರಿನ ಎದುರು ಯೆನ್ 1986ರ ನಂತರ ಕಾಣದಷ್ಟು ಕೆಳಗಿಳಿಯಿತು. ನಾವು ಹೋದ 2025ರ ಜೂನ್‌ನಲ್ಲಿ ಒಂದು ಯೆನ್ ನಮ್ಮ 59 ಪೈಸೆಯ ಆಸುಪಾಸಿನಲ್ಲಿತ್ತು. ಕೋಣೆಗಳ ಬೆಲೆ ಏರಿದೆ, ಇಲ್ಲವೆನ್ನುವುದಿಲ್ಲ. ಯೆನ್ ಇಳಿದದ್ದೇ ತಡ, ಲೋಕದ ಜನವೆಲ್ಲ ಅಲ್ಲಿಗೆ ನುಗ್ಗಿದೆ. ಆದರೂ ಲೆಕ್ಕ ಕೂಡಿಸಿ ನೋಡದೆ ‘ಆಗದು’ ಎನ್ನುವುದು ಲೆಕ್ಕವಲ್ಲ, ಅಪ್ಪಣೆ.

ಪ್ರವಾಸದ ಏಜೆಂಟರ ಬಳಿಯೂ ಹೋದೆವು. ನಮ್ಮ ಊರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಅವರ ಕಚೇರಿ, ಹೆಸರು ಬೇಡ. ಅವರ ಬಣ್ಣದ ಕಾಗದದಲ್ಲಿ ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಇಬ್ಬರು ಒಂದು ಕೋಣೆ ಹಂಚಿಕೊಳ್ಳುವ ಆಧಾರದ ಮೇಲೆ’ ಎಂದಿತ್ತು. ಒಬ್ಬರೇ ಮಲಗುವುದಾದರೆ? ಅದಕ್ಕೆ ಹೆಚ್ಚುವರಿ. ಅಂದರೆ ಗಂಡನಿಲ್ಲದವಳು, ಮದುವೆಯಾಗದವಳು, ಗಂಡನಿಗೆ ಪ್ರವಾಸ ಸೇರದವಳು, ಎಲ್ಲರೂ ದಂಡ ಕಟ್ಟಬೇಕು. ಇಲ್ಲವೇ ಗುರುತಿಲ್ಲದ ಇನ್ನೊಬ್ಬ ಹೆಂಗಸಿನ ಜೊತೆ ಮಲಗಬೇಕು. ಏಜೆಂಟರು ಸಜ್ಜನರೇ. ‘ನೀವು ಹೆಂಗಸರು, ನಿಮಗೆ ಅದೆಲ್ಲ ತಲೆನೋವು ಯಾಕೆ ಮೇಡಂ, ರೂಮು ಊಟ ಎಲ್ಲ ನಮಗೆ ಬಿಡಿ’ ಎಂದರು. ಊಟ ಏನೆಂದು ಕೇಳಿದರೆ ಪ್ರತಿ ರಾತ್ರಿ ಪನೀರು, ರೋಟಿ. ಟೋಕಿಯೋಕ್ಕೆ ಹೋಗಿ ಆರು ರಾತ್ರಿ ಪನೀರು ತಿನ್ನುವ ಶಿಕ್ಷೆ ಯಾವ ಪಾಪಕ್ಕೋ ಕಾಣೆ.

ತಿಂಗಳ ಸಂಬಳದಲ್ಲಿ ಹಾಲು, ದಿನಸಿ, ಶಾಲೆಯ ಫೀಸು, ಚೀಟಿಯ ಕಂತು, ಗೌರಿಹಬ್ಬದ ಬಾಗಿನ ಎಲ್ಲವನ್ನೂ ತೂಗಿಸಿ, ಮೂವತ್ತನೆಯ ತಾರೀಖಿಗೆ ಸಾಸಿವೆ ಡಬ್ಬಿಯಲ್ಲಿ ಇನ್ನೂರು ರೂಪಾಯಿ ಉಳಿಸುವ ಹೆಂಗಸಿಗೆ ಆರು ರಾತ್ರಿಯ ಹಾಸಿಗೆಯ ಲೆಕ್ಕ ತಲೆನೋವಂತೆ! ಈ ಕೆಲಸಕ್ಕೆ ನಮಗಿಂತ ತಯಾರಾದವರು ಇನ್ಯಾರಿದ್ದಾರೆ?

ಜಪಾನಿನಲ್ಲಿ ‘ಬಿಸಿನೆಸ್ ಹೋಟೆಲ್’ ಎಂಬ ಒಂದು ವ್ಯವಸ್ಥೆಯಿದೆ. ಊರಿಂದೂರಿಗೆ ಕಂಪನಿ ಕೆಲಸದ ಮೇಲೆ ತಿರುಗುವ ಗುಮಾಸ್ತರಿಗಾಗಿ ಹುಟ್ಟಿದ್ದು. ಅವನು ಒಬ್ಬನೇ ಬರುತ್ತಾನೆ, ಒಬ್ಬನೇ ಮಲಗುತ್ತಾನೆ, ಬೆಳಿಗ್ಗೆ ಎದ್ದು ಹೋಗುತ್ತಾನೆ. ಹೀಗಾಗಿ ಅಲ್ಲಿ ಒಬ್ಬರ ಕೋಣೆಯೇ ಮೂಲ ಅಳತೆ, ಅಪವಾದವಲ್ಲ. ಬೆಲೆಯನ್ನೂ ಅಲ್ಲಿ ಬಹಳ ಕಡೆ ತಲೆ ಎಣಿಸಿ ಹೇಳುತ್ತಾರೆ. ಅದೇ ಕೋಣೆಗೆ ಎರಡನೆಯವರು ಸೇರಿದರೆ ಬೆಲೆ ಏರುತ್ತದೆ. ನಮ್ಮ ಏಜೆಂಟರ ಲೋಕದಲ್ಲಿ ಒಂಟಿ ಹೆಂಗಸು ದಂಡ ಕಟ್ಟುವವಳು, ಈ ಲೋಕದಲ್ಲಿ ಅವಳು ಸಾಮಾನ್ಯ ಗಿರಾಕಿ. ಇಬ್ಬರ ಒಂದು ಕೋಣೆಗೂ ಒಬ್ಬೊಬ್ಬರ ಎರಡು ಕೋಣೆಗಳಿಗೂ ವ್ಯತ್ಯಾಸ ಅಷ್ಟೇನೂ ಇರಲಿಲ್ಲ. ನಾವು ಎರಡು ಕೋಣೆಯನ್ನೇ ಹಿಡಿದೆವು. ಅಕ್ಕ ಗೊರಕೆ ಹೊಡೆಯುತ್ತಾರೆಂಬುದು ಒಂದು ಕಾರಣ, ನಾನೂ ಹೊಡೆಯುತ್ತೇನೆಂದು ಅವರು ಹೇಳುವುದು ಇನ್ನೊಂದು. ಆದರೆ ನಿಜವಾದ ಕಾರಣ ಬೇರೆ. ಮದುವೆಯಾಗಿ ಮೂವತ್ತೆಂಟು ವರ್ಷವಾದ ಅಕ್ಕ, ಒಳಗಿನಿಂದ ಚಿಲಕ ಹಾಕಿಕೊಂಡು ತಾನೊಬ್ಬಳೇ ಮಲಗಿದ್ದು ಒಂದು ರಾತ್ರಿಯೂ ಇರಲಿಲ್ಲ.

ಲೆಕ್ಕ ಹೇಳುತ್ತೇನೆ, ಬೇಕಾದವರು ಕತ್ತರಿಸಿ ಇಟ್ಟುಕೊಳ್ಳಿ. ಟೋಕಿಯೋದಲ್ಲಿ ಕೋಣೆಯ ಬೆಲೆ ಊರಿನ ಬೆಲೆಯಲ್ಲ, ದಿನದ ಬೆಲೆ. ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲವರೆಗೆ ಚೆರ್‍ರಿ ಹೂವು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಅವರ ಸಾಲುಸಾಲು ರಜೆ. ಆಗಸ್ಟ್ ಮಧ್ಯದಲ್ಲಿ ಪಿತೃಗಳನ್ನು ನೆನೆಯುವ ಓಬೋನ್. ಆಮೇಲೆ ಹೊಸ ವರ್ಷ. ಈ ದಿನಗಳಲ್ಲಿ ಬೆಲೆ ಮುಗಿಲು ಮುಟ್ಟುತ್ತದೆ. ಜೂನ್‌ನಲ್ಲಿ ಅವರ ಮಳೆಗಾಲ ಶುರು, ಪ್ರವಾಸಿಗರು ಹಿಂಜರಿಯುತ್ತಾರೆ, ಬೆಲೆ ಇಳಿಯುತ್ತದೆ. ತೀರ್ಥಹಳ್ಳಿಯಲ್ಲಿ ಹುಟ್ಟಿದವಳಿಗೆ ಮಳೆಯ ಹೆದರಿಕೆಯೇ? (ಆ ವರ್ಷ ಮಳೆಗಿಂತ ಸೆಖೆಯೇ ಹೆಚ್ಚಾಗಿತ್ತು, ಅದು ಬೇರೆ ಮಾತು.) ವಾರದಲ್ಲೂ ಹಾಗೆಯೇ: ಶನಿವಾರದ ರಾತ್ರಿ ದುಬಾರಿ, ಭಾನುವಾರದ ರಾತ್ರಿ ಅಗ್ಗ. ಆದ್ದರಿಂದ ನಾವು ಭಾನುವಾರ ಸಂಜೆ ಇಳಿದು ಶನಿವಾರ ಬೆಳಿಗ್ಗೆ ಹೊರಡುವಂತೆ ದಿನ ಇಟ್ಟುಕೊಂಡೆವು. ಆರು ರಾತ್ರಿ, ಒಂದೂ ಶನಿವಾರವಿಲ್ಲ. ಭಾನುವಾರ 7,800 ಯೆನ್, ಸೋಮವಾರದಿಂದ ಗುರುವಾರದವರೆಗೆ ದಿನಕ್ಕೆ 8,500, ಶುಕ್ರವಾರ 9,200. ಒಟ್ಟು 51,000 ಯೆನ್, ನಮ್ಮ ಮೂವತ್ತು ಸಾವಿರ ರೂಪಾಯಿ ಎನ್ನಿ. ಹತ್ತು ಸಾವಿರ ಯೆನ್ ಒಳಗಿನ ಕೋಣೆಗೆ ಟೋಕಿಯೋದ ವಸತಿ ತೆರಿಗೆಯೂ ಆಗ ಇರಲಿಲ್ಲ. ಮೂವತ್ತು ಸಾವಿರ ಕಡಿಮೆ ಹಣವೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಒಂದು ನಾಮಕರಣದ ಹೂವಿನ ಅಲಂಕಾರಕ್ಕೆ ಇಷ್ಟು ಸುರಿಯುವಾಗ ಯಾರೂ ಬಾಯಿ ತೆಗೆಯುವುದಿಲ್ಲ.

ಜಾಗ ಆರಿಸುವುದರಲ್ಲಿ ಅಗ್ಗಕ್ಕೆ ಮರುಳಾಗಬಾರದು. ನರಿತಾ ವಿಮಾನ ನಿಲ್ದಾಣ ಊರಿನಿಂದ ಅರವತ್ತು ಕಿಲೋಮೀಟರು ಆಚೆ. ಪೆಟ್ಟಿಗೆ ಎಳೆದುಕೊಂಡು ರೈಲು ಬದಲಾಯಿಸಿ, ಮೆಟ್ಟಿಲು ಹತ್ತಿ ಇಳಿದು ಹೋಗುವ ಜಾಗದಲ್ಲಿ ಸಾವಿರ ಯೆನ್ ಉಳಿಸಿದರೆ ಅದು ಮೊಣಕಾಲಿನ ಲೆಕ್ಕದಲ್ಲಿ ಹೋಗುತ್ತದೆ. ನಾವು ಅಸಕುಸಾಬಾಶಿ ಎಂಬ ಬೊಂಬೆ ಅಂಗಡಿಗಳ ಹಳೆಯ ಪೇಟೆಯನ್ನು ಆರಿಸಿದೆವು. ನರಿತಾದಿಂದ ಕೆಲವು ರೈಲುಗಳು ಬದಲಾಯಿಸುವ ಗೋಜಿಲ್ಲದೆ ನೇರ ಅಲ್ಲಿಗೇ ಬರುತ್ತವೆ. ಮಗನ ಮನೆಗೂ ನಿಹೊಂಬಾಶಿಯಲ್ಲಿ ಒಂದೇ ಸಲ ರೈಲು ಬದಲಾಯಿಸಿದರೆ ಸಾಕು. ಇನ್ನೊಂದು ಗುಟ್ಟು: ಜಪಾನಿನ ಮನೆ ಬಾಡಿಗೆ ಜಾಹೀರಾತುಗಳಲ್ಲಿ ‘ನಿಲ್ದಾಣದಿಂದ ಇಷ್ಟು ನಿಮಿಷ’ ಎಂದು ಬರೆಯಲು ಒಂದು ಕಟ್ಟಳೆಯಿದೆ, ನಿಮಿಷಕ್ಕೆ ಎಂಬತ್ತು ಮೀಟರು. ಹೋಟೆಲಿನವರೂ ಸರಿಸುಮಾರು ಅದೇ ಧಾಟಿಯಲ್ಲಿ ಹೇಳುತ್ತಾರೆ. ಹತ್ತು ನಿಮಿಷ ಎಂದರೆ ಎಂಟುನೂರು ಮೀಟರು. ಅದು ಚುರುಕು ಕಾಲಿನವರ ನಡಿಗೆ. ನಮ್ಮ ವಯಸ್ಸಿನವರು ಒಂದೂವರೆ ಪಟ್ಟು ಮಾಡಿಕೊಳ್ಳಬೇಕು, ಸೀರೆ ಉಟ್ಟಿದ್ದರೆ ಇನ್ನಷ್ಟು.

ತೀರ ಅಗ್ಗದ ಹಾಸಿಗೆಗಳೂ ಅಲ್ಲಿವೆ. ಜೇನುಗೂಡಿನ ಕಣ್ಣಿನಂಥ ಕ್ಯಾಪ್ಸೂಲ್ ಹೋಟೆಲನ್ನು ವಾಸ್ತುಶಿಲ್ಪಿ ಕಿಶೋ ಕುರೊಕಾವಾ 1979ರಲ್ಲಿ ಒಸಾಕಾದಲ್ಲಿ ಮೊದಲು ಮಾಡಿದರು. ಹೆಂಗಸರಿಗೇ ಮೀಸಲಾದವೂ ಈಗ ಇವೆ, ಹುಡುಗಿಯರಿಗೆ ಸರಿ. ಇನ್ನು ಸಾನ್ಯಾ ಎಂಬ ಕಡೆ ಮೂರು ಚಾಪೆಯಗಲದ ಕೋಣೆಗಳು ಸಿಗುತ್ತವೆ. 1964ರ ಒಲಿಂಪಿಕ್ಸ್ ಕಾಲದಲ್ಲಿ ಟೋಕಿಯೋದ ರಸ್ತೆ ಸೇತುವೆ ಕಟ್ಟಿದ ದಿನಗೂಲಿಗಳು ತಂಗುತ್ತಿದ್ದ ಜಾಗ. ಆ ಹೆಸರನ್ನೇ 1966ರಲ್ಲಿ ಊರಿನ ನಕ್ಷೆಯಿಂದ ಅಳಿಸಿದರು. ಅಲ್ಲಿ ಮುದುಕರಾದ ಕೂಲಿಗಳು ಇನ್ನೂ ಇದ್ದಾರೆ. ಅವರ ಪಕ್ಕದ ಕೋಣೆ ಹಿಡಿದು ‘ಎಷ್ಟು ಅಗ್ಗದಲ್ಲಿ ಜಪಾನ್ ಮುಗಿಸಿದೆ’ ಎಂದು ಮೆರೆಯುವವರ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮಿತವ್ಯಯ ಬೇರೆ, ಜಿಪುಣತನದ ಜಂಬ ಬೇರೆ.

ಕೋಣೆ ಹೇಗಿತ್ತು ಎಂದು ಕೇಳುತ್ತೀರಿ. ಬಚ್ಚಲು ಸೇರಿ ಹತ್ತಡಿಗೆ ಹದಿಮೂರಡಿ. ಪೆಟ್ಟಿಗೆ ಬಿಚ್ಚಿದರೆ ಓಡಾಡಲು ಜಾಗವಿಲ್ಲ. ಬಚ್ಚಲು ಗೋಡೆ, ನೆಲ, ತೊಟ್ಟಿ ಎಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ. 1964ರ ಒಲಿಂಪಿಕ್ಸಿಗೆ ಹೋಟೆಲುಗಳನ್ನು ಬೇಗ ಕಟ್ಟಿ ಮುಗಿಸಲು ಕಂಡುಹಿಡಿದ ಉಪಾಯವಂತೆ. ಒಳಗೆ ಹೋಗಲು ಒಂದು ಮೆಟ್ಟಿಲು ಹತ್ತಬೇಕು, ರಾತ್ರಿ ಎಡವುವವರು ನೆನಪಿಡಿ. ಒಗೆದಿಟ್ಟ ರಾತ್ರಿಯ ನಿಲುವಂಗಿ, ಬಾಚಣಿಗೆ, ಹಲ್ಲುಜ್ಜುವ ಬ್ರಷ್, ನೀರು ಕಾಯಿಸುವ ಕೆಟಲ್. ಕೆಳಗಿನ ಮಹಡಿಯಲ್ಲಿ ನಾಣ್ಯ ಹಾಕಿ ಬಟ್ಟೆ ಒಗೆಯುವ ಯಂತ್ರ. ಅಲ್ಲಿಯ ಕರೆಂಟು ನೂರು ವೋಲ್ಟು, ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ; ನಮ್ಮ ಚಾರ್ಜರಿಗೆ ಒಂದು ಅಡಾಪ್ಟರ್ ಬೇಕು, ನಮ್ಮ ಮಿಕ್ಸಿ ಅಲ್ಲಿ ನಡೆಯದು. ಮಿಕ್ಸಿ ಒಯ್ಯುವವರಿದ್ದಾರೆ, ತಮಾಷೆಯಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸೌಕರ್ಯವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಆ ಕೋಣೆಯಲ್ಲಿ ಒಲೆ ಇಲ್ಲ. ಪಾತ್ರೆ ಇಲ್ಲ. ಯಾರಾದರೂ ಬಂದು ‘ಒಂದು ಲೋಟ ಕಾಫಿ ಮಾಡು’ ಎಂದರೂ ಮಾಡುವ ದಾರಿ ಇಲ್ಲ. ಅಕ್ಕ ಮೊದಲ ದಿನ ಬೆಳಿಗ್ಗೆ ಐದಕ್ಕೇ ಎದ್ದು ಮಂಚದ ಮೇಲೆ ಕುಳಿತಿದ್ದರಂತೆ, ಏನು ಮಾಡಬೇಕೆಂದು ತಿಳಿಯದೆ. ಮೂರನೆಯ ದಿನ ಏಳೂವರೆಗೆ ನಾನೇ ಹೋಗಿ ಬಾಗಿಲು ಬಡಿಯಬೇಕಾಯಿತು.

‘ಊಟಕ್ಕೆ ಏನು ಮಾಡಿದಿರಿ, ಅಲ್ಲಿ ಎಲ್ಲದರಲ್ಲೂ ಮೀನಂತೆ’ ಎಂಬುದು ಸಸ್ಯಾಹಾರಿ ಬಂಧುಗಳ ಬ್ರಹ್ಮಾಸ್ತ್ರ. ಮೀನು ಹೌದು. ಸೋಯಾ ಸಾರಿನಲ್ಲೂ ಮೀನಿನ ಕಟ್ಟು ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೂಲೆಮೂಲೆಗೂ ಇರುವ ಇಪ್ಪತ್ತನಾಲ್ಕು ಗಂಟೆಯ ಅಂಗಡಿಗಳಲ್ಲಿ ಸಪ್ಪೆ ಮೊಸರಿನ ಡಬ್ಬಿ, ಬಾಳೆಹಣ್ಣು, ಬ್ರೆಡ್ಡು, ಉಪ್ಪು ಹುಳಿಯ ಕಾಯಿ ಒಳಗಿಟ್ಟ ಅನ್ನದ ಉಂಡೆ ಸಿಗುತ್ತವೆ. ಕೆಟಲಿನ ಬಿಸಿನೀರಿಗೆ ನಮ್ಮ ಒಗ್ಗರಣೆ ಅವಲಕ್ಕಿಯ ಪೊಟ್ಟಣ ಸಾಕು. ಚಟ್ನಿಪುಡಿ ಇದ್ದೇ ಇದೆ. ಹಸಿ ಕರಿಬೇವು, ಮಾವಿನಹಣ್ಣು ಮಾತ್ರ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಆರು ದಿನ ಹೀಗೆ ತಿಂದು ಯಾರೂ ಸತ್ತಿಲ್ಲ.

ಭದ್ರತೆಯ ಮಾತಿಗೆ ಬರುತ್ತೇನೆ. ಇಸಬೆಲಾ ಬರ್ಡ್ ಎಂಬ ಇಂಗ್ಲಿಷ್ ಹೆಂಗಸು 1878ರಲ್ಲಿ ತನ್ನ ನಲವತ್ತಾರನೆಯ ವಯಸ್ಸಿನಲ್ಲಿ ಒಬ್ಬ ದುಭಾಷಿ ಹುಡುಗನನ್ನು ಮಾತ್ರ ಕಟ್ಟಿಕೊಂಡು ಟೋಕಿಯೋದಿಂದ ಉತ್ತರದ ಹೊಕ್ಕೈಡೋವರೆಗೆ ಹೋದಳು. ಮಡಿಸುವ ಮಂಚ, ರಬ್ಬರಿನ ಸ್ನಾನದ ತೊಟ್ಟಿ ಹೊತ್ತುಕೊಂಡು ಹಳ್ಳಿಯ ತಂಗುಮನೆಗಳಲ್ಲಿ ಮಲಗಿದಳು. ಚಿಗಟದ ಕಾಟ, ಕಾಗದದ ಗೋಡೆಯ ತೂತಿನಲ್ಲಿ ಇಣುಕುವ ಕಣ್ಣುಗಳು ಎಲ್ಲ ಇದ್ದವು. ಆದರೂ ಕ್ಷೇಮವಾಗಿ ಹೋಗಿ ಬಂದು 1880ರಲ್ಲಿ ಪುಸ್ತಕ ಬರೆದಳು. ನಮ್ಮದು ಅದಕ್ಕಿಂತ ಸುಖದ ಪ್ರಯಾಣವೇ. ಹಾಗೆಂದು ಜಪಾನ್ ಹೆಂಗಸರ ಸ್ವರ್ಗವೆಂದು ನಾನು ಹಾಡುವುದಿಲ್ಲ. ರೈಲಿನ ನೂಕುನುಗ್ಗಲಲ್ಲಿ ಕೈಹಾಕುವ ಗಂಡಸರ ಕಾಟ ತಡೆಯಲಾರದೆ ಅಲ್ಲಿ ಬೆಳಗಿನ ಹೊತ್ತು ಹೆಂಗಸರ ಡಬ್ಬಿ ಇಟ್ಟಿದ್ದಾರೆ. ಒಂಟಿ ಹೆಂಗಸು ಬಂದರೆ ಸಾಯಲು ಬಂದಿರಬಹುದು ಎಂದು ಹಳೆಯ ವಸತಿಗೃಹದವರು ಕೋಣೆ ಕೊಡಲು ಅನುಮಾನಿಸುತ್ತಿದ್ದ ಕಾಲ ಅಲ್ಲೂ ಇತ್ತು. ಎಪ್ಪತ್ತರ ದಶಕದಲ್ಲಿ ಹೊಸ ಮಹಿಳಾ ಪತ್ರಿಕೆಗಳನ್ನು ಕೈಯಲ್ಲಿ ಹಿಡಿದ ಹುಡುಗಿಯರು ದಂಡುದಂಡಾಗಿ ಪ್ರವಾಸ ಹೊರಟಾಗ ಗಂಡಸರು ಅವರಿಗೆ ಹಂಗಿಸುವ ಹೆಸರಿಟ್ಟು ನಕ್ಕರು. ಹುಡುಗಿಯರು ಹೋಗುವುದನ್ನು ಬಿಡಲಿಲ್ಲ. 2007ರಲ್ಲಿ ಸಮಾಜಶಾಸ್ತ್ರಜ್ಞೆ ಚಿಜುಕೋ ಉಯೆನೊ ಒಂಟಿಯಾಗಿ ಮುಪ್ಪು ಕಳೆಯುವ ಹೆಂಗಸರ ಬಗ್ಗೆ ಬರೆದ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಅದರ ಹೆಸರಿನಲ್ಲಿರುವ ‘ಒಹಿತೊರಿಸಾಮಾ’ ಎಂಬ ಮಾತನ್ನು ಅಲ್ಲಿಯ ಊಟದ ಮನೆಗಳಲ್ಲಿ ನೀವೂ ಕೇಳುತ್ತೀರಿ. ಒಬ್ಬರೇ ಬಂದವರಿಗೆ ಗೌರವದಿಂದ ಹೇಳುವ ಮಾತು. ನಮ್ಮಲ್ಲಿ ಒಂಟಿ ಎಂಬುದಕ್ಕೆ ‘ಅವರು’ ಸೇರಿಸಿ ಯಾರಾದರೂ ಕರೆದದ್ದು ಕೇಳಿದ್ದೀರಾ? ನಮ್ಮಲ್ಲಿ ಒಂಟಿ ಎಂದ ಮೇಲೆ ಅಯ್ಯೋ ಪಾಪವೇ ಬರಬೇಕು.

ಉಳಿದದ್ದು ಕೊನೆಯ ಆಕ್ಷೇಪ, ಅದೇ ದೊಡ್ಡದು: ಮಗನಿಗೆ ಅವಮಾನ. ಸೊಸೆಗೆ ಜನ ಏನೆಂದಾರು? ನಿಶಿಕಾಸಾಯ್‌ನ ಅವನ ಮನೆಯಲ್ಲಿ ಎರಡು ಮಲಗುವ ಕೋಣೆ, ಇಬ್ಬರು ದುಡಿಯುವವರು, ಒಂದು ಶಾಲೆಗೆ ಹೋಗುವ ಮಗು. ಅಲ್ಲಿಗೆ ಇಬ್ಬರು ಹಿರಿಯ ಹೆಂಗಸರು ಹೋಗಿ ಕುಳಿತರೆ ಮಗ ನಡುಮನೆಯಲ್ಲಿ ಮಲಗಬೇಕು, ಸೊಸೆ ನಾಲ್ಕೂವರೆಗೆ ಏಳಬೇಕು. ಅವಳು ಏಳಬಾರದೆಂದು ಅಕ್ಕ ನಾಲ್ಕಕ್ಕೇ ಏಳುತ್ತಾರೆ. ಹೀಗೆ ಇಬ್ಬರೂ ಪ್ರೀತಿಯಿಂದಲೇ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ವೀಸಾಕ್ಕೂ ಅಷ್ಟೆ: ನೆಂಟರ ಮನೆಗೆಂದರೆ ಆಹ್ವಾನದ ಕಾಗದ, ಅವರ ದಾಖಲೆಗಳು. ಹೋಟೆಲಾದರೆ ಯಾವ ದಿನ ಎಲ್ಲಿ ತಂಗುತ್ತೇವೆಂದು ಪಟ್ಟಿ ಬರೆದು ಕೊಡುವುದು. ರದ್ದು ಮಾಡಿದರೆ ಹಣ ಹೋಗದಂಥ ಕೋಣೆ ಕಾದಿರಿಸಿದರೆ ಆ ಚಿಂತೆಯೂ ಇಲ್ಲ.

ಸೊಸೆ ಏನೆಂದಳು ಎಂಬುದನ್ನು ಅವಮಾನದ ಮಾತಾಡುವವರು ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಫೋನಿನಲ್ಲಿ ಎರಡು ನಿಮಿಷ ಸುಮ್ಮನಿದ್ದು, ‘ಅತ್ತೇ, ನಾನು ಬುಧವಾರ ರಜಾ ಹಾಕ್ತೀನಿ. ನಾನೇ ಹೋಟೆಲಿಗೆ ಬರ್ತೀನಿ. ನಾವು ಮೂರೇ ಜನ ಹೋಗೋಣ, ಇವರು ಮಗು ನೋಡ್ಕೊಳ್ಳಲಿ’ ಎಂದಳು. ಬುಧವಾರ ಬಂದಳು. ಅಸಕುಸಾದ ಸೆನ್ಸೋಜಿ ದೇವಾಲಯದ ಹಿಂದಿನ ಓಣಿಯ ಬೆಂಚಿನ ಮೇಲೆ ಅತ್ತೆ ಸೊಸೆ ಇಬ್ಬರೂ ಕುಳಿತು ಒಂದು ಗಂಟೆ ಮಾತಾಡಿದರು. ತೊಂಬತ್ತು ದಿನ ಒಂದೇ ಸೂರಿನ ಕೆಳಗಿದ್ದಾಗ ಆಡದ ಮಾತುಗಳಿರಬೇಕು. ನಾನು ಬೊಂಬೆ ಅಂಗಡಿ ನೋಡುವ ನೆಪದಲ್ಲಿ ದೂರ ಹೋಗಿದ್ದೆ. ಗುರುವಾರ ಸಂಜೆ ಅವರ ಮನೆಗೆ ಊಟಕ್ಕೆ ಹೋದೆವು, ಸಾರು ಮಾಡಿದ್ದು ಮಗ. ಉಪ್ಪು ಸ್ವಲ್ಪ ಮುಂದಿತ್ತು. ಅಕ್ಕ ಎದ್ದು ಸರಿಮಾಡಲು ಹೋಗಲಿಲ್ಲ.

ಭಾವನವರು ಆ ಒಂದು ವಾರ ಅನ್ನ ಮಾಡುವುದನ್ನು ಕಲಿತರು. ಕುಕ್ಕರಿನ ಮೂರು ಸೀಟಿಯ ಲೆಕ್ಕ ಈಗ ಅವರಿಗೆ ಗೊತ್ತು. ನಮ್ಮ ಬಂಧುಬಳಗದಲ್ಲಿ ಈ ಸಂಗತಿಯನ್ನು ಯಾರೂ ಅವಮಾನಕ್ಕೂ ಲಾಭಕ್ಕೂ ಬರೆದುಕೊಂಡಿಲ್ಲ. ಅಕ್ಕ ಮಾತ್ರ ಮುಂದಿನ ಜೂನ್‌ಗೆ ಒಸಾಕಾದ ನಕ್ಷೆ ತರಿಸಿಕೊಂಡು, ನಿಲ್ದಾಣದಿಂದ ಹೋಟೆಲಿಗೆ ಎಷ್ಟು ನಿಮಿಷವೆಂದು ಎಂಬತ್ತರಿಂದ ಗುಣಿಸುತ್ತ ಕುಳಿತಿದ್ದಾರೆ. ಎರಡು ಕೋಣೆಯೇ ಇರಲಿ, ಶನಿವಾರ ಬೇಡ ಎಂದು ನನಗೆ ತಾಕೀತು ಮಾಡಿದ್ದಾರೆ.